ಸಂವಹನ ಪದವಿ: ನೌಬಾದ ಮಾದರಿಯ ಬಳಕೆದಾರರ ಕೈಪಿಡಿ

ಬಳಸುವ ಮುನ್ನ

ಪತ್ರಿಕೋದ್ಯಮ ಮತ್ತು ಸಮೂಹ ಸಂವಹನದ ಪದವಿಯನ್ನು ಆರಿಸಿಕೊಂಡ ತಮಗೆ ಅಭಿನಂದನೆ. ಒಮ್ಮೆ ಕೊಂಡ ಸರಕನ್ನು ವಾಪಸು ಪಡೆಯುವುದಿಲ್ಲ, ಅದಲು-ಬದಲಿಯೂ ಇಲ್ಲ. ಸರಿಯಾಗಿ ನಡೆಸಿದರೆ ಮೂರು ವರ್ಷಕ್ಕೆ ಬಿ.ಎ., ಮೇಲೆರಡು ವರ್ಷಕ್ಕೆ ಎಂ.ಎ. ಬರುತ್ತದೆ. 2021ರಲ್ಲಿ ನಾಲ್ಕು ವರ್ಷದ ಹೊಸ ಮಾದರಿಯೊಂದು ಬಂದಿತ್ತು. 2024ರಲ್ಲಿ ಅದನ್ನು ಅಂಗಡಿಯಿಂದ ತೆಗೆದು ಮೂರು ವರ್ಷದ ಹಳೆಯದನ್ನೇ ಮತ್ತೆ ಇಟ್ಟಿದ್ದಾರೆ. ನಡುವಿನ ವರ್ಷಗಳಲ್ಲಿ ಕೊಂಡವರು, ತಮ್ಮದು ಯಾವ ಮಾದರಿ ಎಂದು ಸಂದರ್ಶನದಲ್ಲಿ ವಿವರಿಸಲು ಒಂದು ಪ್ಯಾರಾ ಬರೆದು ಬಾಯಿಪಾಠ ಮಾಡಿಟ್ಟುಕೊಳ್ಳತಕ್ಕದ್ದು.

ಈ ಕೈಪಿಡಿ ಬೀದರಿನ ನೌಬಾದದಲ್ಲಿ ಮನೆ ಇರುವವರಿಗೆ, ಹಾಗೂ ಔರಾದ, ಭಾಲ್ಕಿ, ಕಮಲನಗರದ ಕಡೆಯಿಂದ ಬಂದು ಬೀದರಿನಲ್ಲಿ ಖೋಲಿ ಹಿಡಿದವರಿಗೆ ಮಾತ್ರ. ಬೆಂಗಳೂರಿನ ಗ್ರಾಹಕರಿಗೆ ಬೇರೆ ಕೈಪಿಡಿ ಇದೆ. ಅದು ಇಂಗ್ಲಿಷಿನಲ್ಲಿದೆ, ಕೊನೆಯ ಪುಟದಲ್ಲಿ ಸಂಬಳದ ಅಂಕಿಯೂ ಇದೆಯಂತೆ.

ಎಲ್ಲಿ ಸಿಗುತ್ತದೆ

ಕರ್ನಾಟಕದಲ್ಲಿ ಈ ಸರಕು ಮೊದಲು ತಯಾರಾದದ್ದು 1951ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ, ನಾಡಿಗ ಕೃಷ್ಣಮೂರ್ತಿಯವರ ಕೈಯಲ್ಲಿ. ಬೀದರ್ ಆಗ ಹೈದರಾಬಾದ್ ರಾಜ್ಯದಲ್ಲಿತ್ತು. 1956ರಲ್ಲಿ ನಮ್ಮನ್ನು ಈ ಕಡೆ ಸೇರಿಸಿದರು. ಸರಕು ಇಲ್ಲಿಗೆ ತಲುಪುವುದಕ್ಕೆ ಮತ್ತಷ್ಟು ಕಾಲ ಹಿಡಿಯಿತು. ಗುಲಬರ್ಗಾ ವಿಶ್ವವಿದ್ಯಾಲಯ ಹುಟ್ಟಿದ್ದು 1980ರಲ್ಲಿ. ಆಳಂದ ತಾಲ್ಲೂಕಿನ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ 2009ರದ್ದು. ಎರಡು ಕಡೆಯೂ ಸಂವಹನದ ವಿಭಾಗಗಳಿವೆ. ಕಲಬುರಗಿಗೆ ನೇರ ರೈಲು ಶುರುವಾದದ್ದು 2017ರಲ್ಲಿ. ಅದಕ್ಕೂ ಮುಂಚಿನ ಗ್ರಾಹಕರು ಹುಮನಾಬಾದ್ ದಾರಿಯ ಬಸ್ಸಿನಲ್ಲಿ ನಿಂತುಕೊಂಡೇ ಅರ್ಧ ಪಠ್ಯ ಮುಗಿಸಿದವರು.

ಈಗ ನಮ್ಮದೇ ಬೀದರ್ ವಿಶ್ವವಿದ್ಯಾಲಯ ಬಂದಿದೆ, ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ, 2023ರಿಂದ. ಮುಂಚೆ ಅದು ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಹೊಸ ವಿಶ್ವವಿದ್ಯಾಲಯಗಳ ಪೈಕಿ ಒಂಬತ್ತನ್ನು ಮುಚ್ಚುವ ಮಾತೆತ್ತಿದಾಗ ಬೀದರಿನದನ್ನು ಮಾತ್ರ ಪಟ್ಟಿಯಿಂದ ಹೊರಗಿಟ್ಟಿತ್ತು. ರಾಜ್ಯದ ಯಾವುದೋ ಪಟ್ಟಿಯಲ್ಲಿ ಬೀದರಿನ ಹೆಸರು ಇಲ್ಲದ್ದಕ್ಕೆ ಇಲ್ಲಿಯ ಜನ ಖುಷಿಪಟ್ಟದ್ದು ಬಹುಶಃ ಅದೇ ಮೊದಲು. ಯಾವ ವಿಷಯ ಯಾವ ವರ್ಷ ಇರುತ್ತದೆ ಎಂಬುದನ್ನು ಪ್ರವೇಶ ಪ್ರಕಟಣೆಯಲ್ಲಿ ಪೂರ್ತಿ ಓದಿ ತಿಳಿದುಕೊಳ್ಳಿ. ಗೆಳೆಯ ಹೇಳಿದ ಎಂದು ಅರ್ಜಿ ಹಾಕಬೇಡಿ. ಸಂವಹನದ ಮೊದಲ ಪ್ರಾಯೋಗಿಕ ಪರೀಕ್ಷೆ ಇದೇ, ಹೆಚ್ಚಿನವರು ಇಲ್ಲಿಯೇ ಫೇಲಾಗುತ್ತಾರೆ.

ಸಾಗಾಟದ ವೆಚ್ಚ: 2023ರ ಜೂನಿನಿಂದ ಹುಡುಗಿಯರಿಗೆ ಸರಕಾರಿ ಬಸ್ಸು ಉಚಿತ. ಹುಡುಗರು ಪಾಸ್ ಮಾಡಿಸಬೇಕು.

ಮನೆಯಲ್ಲಿ ಅಳವಡಿಸುವ ವಿಧಾನ

ಇದು ಎಲ್ಲಕ್ಕಿಂತ ಕಠಿಣವಾದ ಹಂತ. ಸಾವಧಾನವಾಗಿ ಮಾಡಿ. ಸಂಜೆ ಚಾ ಕುಡಿಯುವ ಹೊತ್ತು ಉತ್ತಮ. ಸಂಭಾಷಣೆ ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

“ಖರೇ ಹೇಳು, ಏನ್ ಕಲಿಲತಿ?” ಇದು ಅವ್ವ.

“ಸಂವಹನ, ಅವ್ವ.”

“ಅಂದ್ರ?”

“ಮಾತಾಡೋದು, ಬರಿಯೋದು, ಮಂದಿಗಿ ವಿಷಯ ಮುಟ್ಟಿಸೋದು.”

“ಮಾತಾಡಲಾಕ ಫೀ ಕಟ್ಟೀಯೇನು? ನಿಮ್ಮ ಆಯಿ ಒಂದಿನಾ ಸಾಲಿ ಮೆಟ್ಟಿಲ ಹತ್ತಿಲ್ಲ. ಅಕಿ ಬಾಯಿ ತೆಗೆದ್ರ ಓಣಿ ತುಂಬ ಸುದ್ದಿ.”

ಇಲ್ಲಿ ವಾದ ಮಾಡಬಾರದು. ಆಯಿಯ ವಿಚಾರದಲ್ಲಿ ಅವ್ವ ಹೇಳಿದ್ದು ಶಾಸ್ತ್ರೀಯವಾಗಿ ಸರಿ. ಅದನ್ನು ಮುಂದಿನ ಅಧ್ಯಾಯದಲ್ಲಿ ನೋಡುತ್ತೀರಿ. ಅಷ್ಟರಲ್ಲಿ ಕಾಕಾ ಬರುತ್ತಾನೆ. ಕಾಕಾನ ಪ್ರಶ್ನೆ ಒಂದೇ: “ಟಿವ್ಯಾಗ ಯಾವಾಗ ಬರ್ತಿಪಾ?” ಇದಕ್ಕೆ ತಾರೀಖು ಕೊಡಬೇಡಿ. ಬದಲಿಗೆ “ವಾರ್ತಾ ಇಲಾಖೆಯಾಗ ಪೋಸ್ಟ್ ಅವ, ಕಾಕಾ. ನಮಗ ಮುನ್ನೂರ ಎಪ್ಪತ್ತೊಂದು ಜೆ ಅದ” ಎನ್ನಿ. ಮನೆಯಲ್ಲಿ ಕೂಡಲೇ ಶಾಂತಿ ನೆಲೆಸುತ್ತದೆ. ಸಂವಿಧಾನಕ್ಕೆ 371(ಜೆ) ಸೇರಿದ್ದು 98ನೆಯ ತಿದ್ದುಪಡಿಯಿಂದ. ಕಲ್ಯಾಣ ಕರ್ನಾಟಕದವರಿಗೆ ಶಿಕ್ಷಣದಲ್ಲೂ ನೌಕರಿಯಲ್ಲೂ ಮೀಸಲಾತಿಗೆ ಅದೇ ಆಧಾರ. ಹೋರಾಟಗಾರರು ವರ್ಷಗಟ್ಟಲೆ ಬಡಿದಾಡಿ ತಂದದ್ದು. ಪ್ರಮಾಣಪತ್ರವನ್ನು ಮೊದಲ ವರ್ಷವೇ ಮಾಡಿಸಿಟ್ಟುಕೊಳ್ಳಿ. ಕೊನೆಯ ವಾರದಲ್ಲಿ ತಹಶೀಲ್ದಾರರ ಕಚೇರಿಯ ಸಾಲು ನೋಡಿದರೆ ಸಮೂಹ ಎಂದರೇನು ಎಂಬುದು ತಾನಾಗಿಯೇ ತಿಳಿಯುತ್ತದೆ.

ಪೆಟ್ಟಿಗೆಯೊಳಗೆ ಏನೇನಿದೆ

ಪೆಟ್ಟಿಗೆ ತೆರೆದರೆ ಮೇಲೆಯೇ ಒಂದು ಚಿತ್ರ ಸಿಗುತ್ತದೆ: ಎಡಗಡೆ ಒಂದು ಚೌಕ, ಬಲಗಡೆ ಒಂದು ಚೌಕ, ನಡುವೆ ಬಾಣ, ಬಾಣಕ್ಕೆ ಕೆಳಗಿನಿಂದ ಬಂದು ಚುಚ್ಚುವ ‘ಗದ್ದಲ’. ಇದನ್ನು ಬರೆದದ್ದು 1948ರಲ್ಲಿ, ಅಮೆರಿಕದ ಬೆಲ್ ದೂರವಾಣಿ ಪ್ರಯೋಗಾಲಯದ ಎಂಜಿನಿಯರ್ ಕ್ಲಾಡ್ ಶಾನನ್. ಅವನಿಗೆ ಬೇಕಾಗಿದ್ದು ತಂತಿಯಲ್ಲಿ ಸಂಕೇತ ಕೆಡದೆ ಹೋಗುವುದು. ಅದರ ಅರ್ಥ ಏನು ಎನ್ನುವುದು ತನ್ನ ಲೆಕ್ಕಕ್ಕೆ ಸಂಬಂಧಿಸಿದ್ದಲ್ಲ ಎಂದು ಶುರುವಿನಲ್ಲಿಯೇ ಹೇಳಿ ಕೈ ತೊಳೆದುಕೊಂಡಿದ್ದ. ಪ್ರಾಮಾಣಿಕ ಮನುಷ್ಯ. ಅವನ ಚಿತ್ರವನ್ನು ತಂದು ಮನುಷ್ಯರ ಮಾತಿಗೆ ಹೊಂದಿಸಿದವರು ನಂತರದ ಪ್ರಾಧ್ಯಾಪಕರು. ಪರೀಕ್ಷೆಯಲ್ಲಿ ಈ ಚಿತ್ರಕ್ಕೆ ಅಂಕ ಖಾತ್ರಿ, ಆದ್ದರಿಂದ ಅಳತೆಪಟ್ಟಿ ಹಿಡಿದು ಗೆರೆ ನೇರವಾಗಿ ಎಳೆಯಿರಿ. ಗದ್ದಲ ಎಂದರೇನು ಎಂಬ ಪ್ರಶ್ನೆ ಬಂದರೆ ಕಿಟಕಿ ಗಾಜು ಸಡಿಲವಾದ ಬಸ್ಸಿನಲ್ಲಿ ಕಂಡಕ್ಟರನ ಬಳಿ ಚಿಲ್ಲರೆ ಕೇಳಿದ ಅನುಭವವನ್ನು ಬರೆಯಬಹುದು. ಬರೆದವರಿಗೆ ಅಂಕ ಕಡಿಮೆಯಾದ ಉದಾಹರಣೆಗಳೂ ಇವೆ.

ಅದರ ಕೆಳಗೆ ಲಾಸ್‌ವೆಲ್. ಅದೂ 1948ರದ್ದೇ. ಯಾರು, ಏನನ್ನು, ಯಾವ ಮಾಧ್ಯಮದಿಂದ, ಯಾರಿಗೆ ಹೇಳಿದರು, ಏನು ಪರಿಣಾಮವಾಯಿತು ಎಂಬ ಐದು ಪ್ರಶ್ನೆ. ನಿಮ್ಮ ಆಯಿ ದಿನಾ ಸಂಜೆ ಕಟ್ಟೆಯ ಮೇಲೆ ಕೇಳುವುದು ಇವೇ ಐದು. ಆರನೆಯದೊಂದನ್ನೂ ಕೇಳುತ್ತಾಳೆ, “ಇದರಾಗ ಅಂವಗ ಏನ್ ಫಾಯದಾ?” ಆ ಪ್ರಶ್ನೆ ಲಾಸ್‌ವೆಲ್‌ನ ಸೂತ್ರದಲ್ಲಿ ಇಲ್ಲ. ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಸೇರಿಸಿಕೊಳ್ಳಿ.

ಇನ್ನೂ ಕೆಳಗೆ ‘ಎರಡು ಹಂತದ ಹರಿವು’. 1940ರ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ಅಮೆರಿಕದ ಓಹಾಯೊ ರಾಜ್ಯದ ಒಂದು ಜಿಲ್ಲೆಯಲ್ಲಿ ಪಾಲ್ ಲಾಝರ್ಸ್‌ಫೆಲ್ಡ್ ಮತ್ತು ಸಂಗಡಿಗರು ಮತದಾರರನ್ನು ತಿಂಗಳುಗಟ್ಟಲೆ ಮಾತಾಡಿಸಿ ಕಂಡದ್ದೇನೆಂದರೆ, ಪತ್ರಿಕೆ-ರೇಡಿಯೊ ಹೇಳಿದ್ದು ನೇರವಾಗಿ ಜನರ ತಲೆಗೆ ಹೋಗುವುದಿಲ್ಲ. ನಡುವೆ ಊರಿನ ನಾಲ್ಕು ಮಂದಿ ತಿಳಿದವರು ಇರುತ್ತಾರೆ, ಜನ ಕೇಳುವುದು ಅವರ ಮಾತನ್ನು. ಒಪ್ಪತಕ್ಕ ಮಾತು. ಆದರೆ ಔರಾದ ತಾಲ್ಲೂಕಿನಲ್ಲಿ ಇದನ್ನು ಚಾಲೂ ಮಾಡಿದರೆ ಒಂದು ಭಾಗ ಕೂಡುವುದಿಲ್ಲ. ಸೋಯಾ ಬಿತ್ತನೆಗೆ ಮುಂಚೆ ಕೃಷಿ ಇಲಾಖೆಯ ಪ್ರಕಟಣೆ ಒಂದು ಹೇಳುತ್ತದೆ, ಬೀಜ-ಗೊಬ್ಬರದ ಅಂಗಡಿಯ ಸಾವಕಾರ ಇನ್ನೊಂದು ಹೇಳುತ್ತಾನೆ. ರೈತ ಚೀಲ ಹೊತ್ತು ತರುವುದು ಸಾವಕಾರ ಹೇಳಿದ್ದನ್ನೇ. ಅವನು ಹೆಚ್ಚು ತಿಳಿದವನೆಂದಲ್ಲ. ಉದ್ರಿ ಕೊಡುವವನು ಅವನು. ರಾಶಿ ಆಗುವತನಕ ಕಾಯುವವನೂ ಅವನು. ಮಾತಿಗೆ ತೂಕ ಬರುವುದು ಸಾಲದ ವಹಿಯಿಂದ ಎನ್ನುವುದನ್ನು ಓಹಾಯೊದ ಪ್ರಶ್ನಾವಳಿ ಕೇಳಲಿಲ್ಲ. ನಿಮ್ಮ ಎಂ.ಎ. ಪ್ರಬಂಧಕ್ಕೆ ವಿಷಯ ಸಿಗದಿದ್ದರೆ ಇದನ್ನು ಎತ್ತಿಕೊಳ್ಳಿ; ‘ಸಾಮಾಜಿಕ ಮಾಧ್ಯಮ ಮತ್ತು ಯುವಜನತೆ’ಯನ್ನು ದಯವಿಟ್ಟು ಬಿಡಿ.

ತಳದಲ್ಲಿ ಒಂದು ತಗ್ಗಿದ ಮೂಲೆಯಿದೆ, ಅದನ್ನು ತಡವಿ ನೋಡಿ. ಸೈಟ್ ಎಂಬ ಪ್ರಯೋಗ: 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿದರು. ಕೃಷಿ, ಆರೋಗ್ಯ, ಶಾಲೆಯ ಪಾಠ. ಆ ಹಳ್ಳಿಗಳಲ್ಲಿ ಪಕ್ಕದ ಗುಲಬರ್ಗಾ ಜಿಲ್ಲೆಯವೂ ಇದ್ದವು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬರುವ ಎಷ್ಟೋ ವರ್ಷ ಮೊದಲೇ ನಮ್ಮ ಸೀಮೆಯ ರೈತ ಪಂಚಾಯ್ತಿ ಕಟ್ಟೆಯ ಮುಂದೆ ಕೂತು ಟಿವಿ ನೋಡಿದ್ದಾನೆ. ಮುಂದೆ ನಿಮ್ಮನ್ನು ಯಾರಾದರೂ ‘ಹಿಂದುಳಿದ ಭಾಗದಿಂದ ಬಂದವರು’ ಎಂದು ಸಭೆಗೆ ಪರಿಚಯಿಸಿದರೆ ಈ ವರ್ಷವನ್ನು ಮೆಲ್ಲಗೆ ಹೇಳಿ ಕೂಡಿ.

ಸುದ್ದಿ ಎಂಬ ಗುಂಡಿ

ಈ ಗುಂಡಿಯನ್ನು ಒತ್ತುವ ಮೊದಲು ನೌಬಾದದ ಹೊರಗಿನ ಸುರಂಗ ಬಾವಿಗೆ ಹೋಗಿ ಬನ್ನಿ. ಬಹಮನಿ ಕಾಲದ ನೆಲದಡಿಯ ಕಾಲುವೆ. ಪರ್ಷಿಯಾದ ಪದ್ಧತಿಯಲ್ಲಿ ಕಲ್ಲು ಕೊರೆದು, ನಡುನಡುವೆ ಗಾಳಿ-ಬೆಳಕಿಗೆ ಬಾವಿಯಂತಹ ಕಂಡಿ ಬಿಟ್ಟು, ಅಂತರ್ಜಲವನ್ನು ಇಳಿಜಾರಿನಲ್ಲಿಯೇ ಹರಿಸಿದ್ದಾರೆ. ಸುತ್ತಲಿನ ಜನಕ್ಕೆ ಇದು ಮೊದಲಿನಿಂದಲೂ ಗೊತ್ತು. ಕುರಿ ಮೇಯಿಸುವ ಹುಡುಗನಿಗೂ ಗೊತ್ತು. ಆದರೆ ಸುದ್ದಿಯಾದದ್ದು ಕೇರಳದಿಂದ ಭೂಗೋಳದ ಪ್ರಾಧ್ಯಾಪಕರೊಬ್ಬರು ಬಂದು ಇಳಿದು, ಅಳೆದು, ನಕ್ಷೆ ಬರೆದ ಮೇಲೆ. ಆಮೇಲೆ ಹೂಳು ತೆಗೆದರು, ಅಧಿಕಾರಿಗಳು ಬಂದರು, ಕ್ಯಾಮೆರಾಗಳು ಬಂದವು, ‘ಪತ್ತೆಯಾದ’ ಸುರಂಗ ಎಂದು ತಲೆಬರಹ ಬಂತು. ಯಾರಿಗೆ ಪತ್ತೆಯಾಯಿತು ಎಂದು ಕುರಿ ಹುಡುಗ ಕೇಳಲಿಲ್ಲ, ಅವನಿಗೆ ಕುರಿ ಎಣಿಸುವುದಿತ್ತು.

ಪ್ರಾಧ್ಯಾಪಕರ ಕೆಲಸ ದೊಡ್ಡದು. ಅವರು ಬಾರದಿದ್ದರೆ ಕಂಡಿಗಳ ಮೇಲೆ ಇಷ್ಟರಲ್ಲಿ ಪ್ಲಾಟು ಬಿದ್ದಿರುತ್ತಿದ್ದವು. ಅದರ ಬಗ್ಗೆ ತಕರಾರಿಲ್ಲ. ತಕರಾರು ಇರುವುದು, ನೌಬಾದದಲ್ಲಿಯೇ ಇದ್ದು ಪತ್ರಿಕೋದ್ಯಮ ಓದಿದವರು ಅಷ್ಟೂ ವರ್ಷ ಏನು ಮಾಡುತ್ತಿದ್ದರು ಎಂಬುದರಲ್ಲಿ. ಮ್ಯಾಕ್‌ಕೂಂಬ್ಸ್ ಮತ್ತು ಶಾ 1972ರಲ್ಲಿ ಪ್ರಕಟಿಸಿದ ‘ಕಾರ್ಯಸೂಚಿ ನಿಗದಿ’ಯ ಸಿದ್ಧಾಂತವನ್ನು ಅವರು ಬಾಯಿಪಾಠ ಮಾಡುತ್ತಿದ್ದರು.

ರಾಜಧಾನಿಯ ವಾಹಿನಿಗಳ ಕಾರ್ಯಸೂಚಿಯಲ್ಲಿ ಬೀದರಿಗೆ ಗೊತ್ತುಮಾಡಿದ ಜಾಗಗಳಿವೆ. ಚಳಿಗಾಲದಲ್ಲಿ ಉಷ್ಣಾಂಶ ಇಳಿದಾಗ ಒಂದು ಸಾಲು. 2025ರ ಜನವರಿಯಲ್ಲಿ ಹಾಡಹಗಲೇ ಎಟಿಎಂ ಹಣದ ದರೋಡೆಯಾದಾಗ ಇಡೀ ದಿನ. ಉಳಿದಂತೆ ‘ಗಡಿ ಜಿಲ್ಲೆ’ ಎಂಬ ವಿಶೇಷಣ. ಕಾರಂಜಾ ಜಲಾಶಯಕ್ಕೆ ಹೊಲ ಕಳೆದುಕೊಂಡವರು ಪರಿಹಾರಕ್ಕಾಗಿ ವರ್ಷಗಟ್ಟಲೆ ಧರಣಿ ಕೂತಿದ್ದು ನಮ್ಮ ಜಿಲ್ಲಾ ಪುಟದಲ್ಲಿ ಬಂತು, ಜಿಲ್ಲೆ ದಾಟಲಿಲ್ಲ. ದಿನವೂ ನಡೆಯುವುದು ಸುದ್ದಿಯಲ್ಲ ಎಂಬುದು ಡೆಸ್ಕಿನ ನ್ಯಾಯ. ಹಾಗಿದ್ದರೆ ಷೇರುಪೇಟೆ ದಿನವೂ ಹೇಗೆ ಸುದ್ದಿಯಾಗುತ್ತದೆ ಎಂದು ತರಗತಿಯಲ್ಲಿ ಕೇಳಿ ನೋಡಿ. ಒಳ್ಳೆಯ ಗುರುಗಳಾದರೆ ಆ ದಿನದ ಪಾಠ ಅಲ್ಲಿಂದ ಶುರುವಾಗುತ್ತದೆ.

ಭಾಷೆಯ ಹೊಂದಾಣಿಕೆ

ತಯಾರಕರು ನಿಮ್ಮ ಮಾತನ್ನು ಕಾರ್ಖಾನೆಯಲ್ಲಿಯೇ ಸರಿಪಡಿಸಲು ನೋಡುತ್ತಾರೆ. ‘ಹೋಗಲತೀನಿ’ ಎನ್ನುವುದನ್ನು ‘ಹೋಗುತ್ತಿದ್ದೇನೆ’ ಮಾಡಿ, ಆಮೇಲೆ ಅದನ್ನೂ ಟಿವಿ ನಿರೂಪಕರ ಏರುದನಿಗೆ ಕಟ್ಟುತ್ತಾರೆ. ಎರಡನೆಯ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಔರಾದಿನ ಹುಡುಗ ತನ್ನ ಕಾಕಾನಿಗೆ ಫೋನಿನಲ್ಲಿ “ತಾವು ಕ್ಷೇಮವೇ?” ಎನ್ನುವ ಮಟ್ಟಕ್ಕೆ ಬಂದಿರುತ್ತಾನೆ. ಕಾಕಾ ಬ್ಯಾಂಕಿನವರೆಂದು ಫೋನ್ ಇಡುತ್ತಾನೆ.

ಶಿಷ್ಟ ಕನ್ನಡ ಕಲಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಬರೆಯುವುದಕ್ಕೆ ಅದು ಬೇಕು. ಆದರೆ ಕಲಿಯುವುದಕ್ಕಾಗಿ ಹಿಂದಿನದನ್ನು ಒರೆಸಬೇಕಿಲ್ಲ. ನೌಬಾದದ ಬಸ್ ನಿಲ್ಲುವ ಕಡೆ ಹತ್ತು ನಿಮಿಷ ನಿಂತು ನೋಡಿ. ಬಾಳೆಹಣ್ಣಿನ ಗಾಡಿಯವನು ಉದಗೀರ ಕಡೆಯ ಹೆಂಗಸಿಗೆ ಮರಾಠಿಯಲ್ಲಿ ದರ ಹೇಳುತ್ತಾನೆ, ಜಹೀರಾಬಾದಿನವನಿಗೆ ತೆಲುಗಿನಲ್ಲಿ, ಆಟೊದವನ ಜತೆ ದಖನಿಯಲ್ಲಿ ಜಗಳ ತೆಗೆಯುತ್ತಾನೆ, ನಿಮಗೆ ಕನ್ನಡದಲ್ಲಿ ಎರಡು ಹಣ್ಣು ಜಾಸ್ತಿ ಹಾಕುತ್ತಾನೆ. ಪ್ರತಿಯೊಬ್ಬರಿಗೂ ಭಾಷೆಯಷ್ಟೇ ಅಲ್ಲ, ದರವೂ ಬೇರೆ, ನಗುವೂ ಬೇರೆ. ‘ಶ್ರೋತೃ ವಿಶ್ಲೇಷಣೆ’ ಎಂಬ ಹೆಸರಿನಲ್ಲಿ ನೀವು ಒಂದು ಇಡೀ ಪತ್ರಿಕೆಗೆ ಶುಲ್ಕ ಕಟ್ಟಿ ಕಲಿಯುವುದು ಇದನ್ನು. ನೀವೂ ಅದೇ ನಿಲ್ದಾಣದಲ್ಲಿ ಬೆಳೆದವರು. ಪದವಿಗೆ ಬರುವಾಗಲೇ ಕೈಯಲ್ಲಿದ್ದ ಹತಾರ ಅದು. ತರಗತಿಯ ಬಾಗಿಲಲ್ಲಿ ಇಟ್ಟು ಹೋದರೆ ಹೊರಬರುವಾಗ ಇರುವುದಿಲ್ಲ.

ಈ ವಿದ್ಯೆಯಲ್ಲಿ ನಮ್ಮ ಜಿಲ್ಲೆಯ ದೊಡ್ಡ ಮೇಷ್ಟ್ರು ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಾಲೆಗೆ ಆಸ್ಪದ ಇರಲಿಲ್ಲ. ಅವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಫಲಕ ಯಾರಿಗೆ, ಪಾಠ ಯಾರಿಗೆ ಎಂಬುದು ಅವರಿಗೆ ಸ್ಪಷ್ಟವಿತ್ತು. ಒಂದೇ ಕಟ್ಟಡದಿಂದ ಇಬ್ಬರು ಓದುಗರಿಗೆ ಎರಡು ಸಂದೇಶ, ಎರಡೂ ಮುಟ್ಟಬೇಕಾದಲ್ಲಿಗೆ ಮುಟ್ಟಿದವು. ಜಾಹೀರಾತು ಸಂಸ್ಥೆಗಳು ಇದಕ್ಕೆ ಈಗ ಲಕ್ಷಗಟ್ಟಲೆ ಬಿಲ್ಲು ಹಾಕುತ್ತವೆ. ಇವತ್ತು ಕೆಲವೆಡೆ ಇದರ ಉಲ್ಟಾ ನಡೆದಿದೆ: ಹೊರಗೆ ಕನ್ನಡ ಫಲಕ, ಒಳಗೆ ಏನೂ ಇಲ್ಲ.

ಎಚ್ಚರಿಕೆ: ಮುದ್ರೆ

ಈ ಭಾಗವನ್ನು ಕೆಂಪು ಶಾಯಿಯಲ್ಲಿ ಅಚ್ಚು ಹಾಕಿಸುವ ವಿಚಾರವಿತ್ತು. ಬಜೆಟ್ ಸಾಲಲಿಲ್ಲ.

ಬೀದರಿನಲ್ಲಿ ಸಂವಹನದ ಮೊದಲ ಪಠ್ಯಪುಸ್ತಕ ಬರೆದವನು ಖ್ವಾಜಾ ಮಹಮೂದ್ ಗವಾನ. ಇರಾನಿನ ಗಿಲಾನಿನವನು, 1453ರ ಸುಮಾರಿಗೆ ವ್ಯಾಪಾರಿಯಾಗಿ ದಾಭೋಳ ಬಂದರಿನಲ್ಲಿ ಇಳಿದು ಬೀದರಿಗೆ ಬಂದು, ಬಹಮನಿಗಳ ಪ್ರಧಾನಿಯಾದವನು. ಶಹರದ ಮಧ್ಯೆ ನಿಂತಿರುವ ಮದರಸಾ ಅವನು ಕಟ್ಟಿಸಿದ್ದು, 1472ರಲ್ಲಿ ಮುಗಿಯಿತು. ದೂರದೂರದಿಂದ ವಿದ್ವಾಂಸರನ್ನು ಕರೆಸಿದ, ವಿದ್ಯಾರ್ಥಿಗಳಿಗೆ ಇರಲು ಖೋಲಿ ಕೊಟ್ಟ, ತನ್ನ ಗ್ರಂಥಗಳನ್ನೇ ಕೊಟ್ಟ. ಗೋಡೆಯ ಮೇಲಿನ ಹಂಚಿನ ಬಣ್ಣ ಈಗಲೂ ಅಲ್ಲಲ್ಲಿ ಉಳಿದಿದೆ. ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳದ ಬೀದರಿನ ಪದವೀಧರನನ್ನು ನಾನು ಕಂಡಿಲ್ಲ.

ಕಟ್ಟಡ ಎಲ್ಲರಿಗೂ ಗೊತ್ತು. ಅವನು ಪತ್ರ ಬರೆಯುವ ಕಲೆಯ ಮೇಲೆ ಪಾರ್ಸಿಯಲ್ಲಿ ಒಂದು ಕೈಪಿಡಿ ಬರೆದ ಎಂಬುದು ಅಷ್ಟು ಗೊತ್ತಿಲ್ಲ. ‘ಮನಾಜಿರ್-ಉಲ್-ಇನ್ಶಾ’ ಅದರ ಹೆಸರು. ಅವನದೇ ಪತ್ರಗಳ ಸಂಗ್ರಹ ಬೇರೆ ಇದೆ, ‘ರಿಯಾಜ್-ಉಲ್-ಇನ್ಶಾ’. ಆಟೊಮನ್ ಸುಲ್ತಾನನಿಗೆ, ಹೆರಾತಿನ ಕವಿ ಜಾಮಿಗೆ, ನೆರೆಯ ರಾಜರಿಗೆ, ತನ್ನ ಮಕ್ಕಳಿಗೆ ಬರೆದವು. ಯಾರಿಗೆ ಎಂತಹ ಸಂಬೋಧನೆ, ಯಾವ ಅಲಂಕಾರ, ಎಷ್ಟು ನಯ ಎಂಬುದರಲ್ಲಿ ಆ ಕಾಲದ ದಖನಿನಲ್ಲಿ ಅವನನ್ನು ಮೀರಿಸಿದವರು ಸಿಗುವುದು ಕಷ್ಟ.

ಅವನನ್ನು ಕೊಂದದ್ದು ಒಂದು ಪತ್ರ. ಆಸ್ಥಾನದಲ್ಲಿ ಪರದೇಶಿಗಳ ಮೇಲೆ ದಖನಿ ಸರದಾರರಿಗೆ ಹೊಟ್ಟೆಯುರಿ ಇತ್ತು. ಇತಿಹಾಸಕಾರ ಫರಿಶ್ತಾ ಹೇಳುವ ಪ್ರಕಾರ, ಅವರು ಗವಾನನ ಮುದ್ರೆ ಇಟ್ಟುಕೊಳ್ಳುತ್ತಿದ್ದ ಆಳಿಗೆ ಕುಡಿಸಿ, ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಅದರ ಮೇಲೆ ತಮಗೆ ಬೇಕಾದ್ದನ್ನು ಬರೆದರು: ಬಹಮನಿ ರಾಜ್ಯದ ಮೇಲೆ ದಂಡೆತ್ತಿ ಬಾ ಎಂದು ಒರಿಸ್ಸಾದ ರಾಜನಿಗೆ ಕರೆ. ಪತ್ರವನ್ನು ಸುಲ್ತಾನ ಮೂರನೆಯ ಮುಹಮ್ಮದ್ ಶಹಾನ ಕೈಗೆ ಸೇರಿಸಿದರು. ಸುಲ್ತಾನ ಗವಾನನನ್ನು ಕರೆಸಿದ. ಮುದ್ರೆ ನನ್ನದು, ಬರೆದದ್ದು ನಾನಲ್ಲ ಎಂದ ಗವಾನ. 1481ರ ಏಪ್ರಿಲ್ 5ರಂದು ತಲೆ ಹೋಯಿತು. ಆಮೇಲೆ ಸುಲ್ತಾನನಿಗೆ ನಿಜ ತಿಳಿದು ಪಶ್ಚಾತ್ತಾಪವಾಯಿತು. ಮರುವರ್ಷ ಅವನೂ ಸತ್ತ. ರಾಜ್ಯ ಕೆಲವೇ ವರ್ಷಗಳಲ್ಲಿ ತುಂಡು ತುಂಡಾಯಿತು.

ಸುಲ್ತಾನ ಮಾಡಿದ ತಪ್ಪಿಗೆ ಈಗ ನಾವು ದಿನಕ್ಕೆ ಹತ್ತು ಸಲ ಸಹಿ ಹಾಕುತ್ತೇವೆ. ಮುದ್ರೆ ನೋಡಿದ, ಒಕ್ಕಣೆ ನೋಡಲಿಲ್ಲ. ಗವಾನನ ಶೈಲಿ ಅವನಿಗೆ ವರ್ಷಗಟ್ಟಲೆ ಪರಿಚಿತ. ಆ ಕಾಗದವನ್ನು ಒಂದು ಸಲ ಓದಿದ್ದರೂ ಅದರ ಭಾಷೆ ಗವಾನನದ್ದು ಹೌದೋ ಅಲ್ಲವೋ ಎಂಬ ಸಂಶಯ ಬರಬೇಕಿತ್ತು. ವಾಟ್ಸ್ಆ್ಯಪಿನಲ್ಲಿ ಜಿಲ್ಲಾಧಿಕಾರಿಗಳ ಮೊಹರು ಇರುವ ‘ನಾಳೆ ಶಾಲೆ ರಜೆ’ ಬಂದಾಗ ನಾವು ಮಾಡುವುದೂ ಇಷ್ಟೇ.

ಆದ್ದರಿಂದ ನಿಯಮ ಎರಡು. ಮೊದಲನೆಯದು, ಮೊಹರಿಗಿಂತ ಮುಂಚೆ ವಾಕ್ಯ ಓದಿ. ಎರಡನೆಯದು, ನಿಮ್ಮ ಮುದ್ರೆಯನ್ನು ಯಾರ ಕೈಗೂ ಕೊಡಬೇಡಿ. ನಿಮ್ಮ ಬಳಿ ಚಿನ್ನದ ಮುದ್ರೆ ಇರುವುದಿಲ್ಲ, ‘ಪ್ರೆಸ್’ ಎಂದು ಬರೆದ ಬೈಕ್ ಸ್ಟಿಕ್ಕರ್ ಇರುತ್ತದೆ, ಗುರುತಿನ ಚೀಟಿ ಇರುತ್ತದೆ, ಹೆಸರಿನೊಂದಿಗೆ ಪ್ರಕಟವಾಗುವ ವರದಿ ಇರುತ್ತದೆ. ಅದನ್ನು ಕೇಳಿಕೊಂಡು ಬರುವವರು ಗವಾನನ ಆಳಿಗೆ ಕುಡಿಸಿದಂತೆಯೇ ಬರುತ್ತಾರೆ, ಊಟಕ್ಕೆ ಕರೆಯುತ್ತಾರೆ, “ನೀ ಬರಿಯೋದ್ ಬ್ಯಾಡೋ ತಮ್ಮಾ, ನಾವೇ ಬರದೀವಿ, ನಿನ್ ಹೆಸರ ಹಾಕು ಸಾಕು” ಎನ್ನುತ್ತಾರೆ.

ಕೆಲಸಕ್ಕೆ ಹಚ್ಚುವುದು

ಪದವಿ ಕೈಗೆ ಬಂತು. ಈಗ ಅದನ್ನು ಎಲ್ಲಿಗಾದರೂ ಜೋಡಿಸಬೇಕು.

ಪತ್ರಿಕೆಯ ಅರೆಕಾಲಿಕ ವರದಿಗಾರನಾಗಬಹುದು. ಇಲ್ಲಿ ‘ಅರೆ’ ಎನ್ನುವುದು ಹಣಕ್ಕೆ ಅನ್ವಯ, ಕಾಲಕ್ಕಲ್ಲ. ಬೈಕು ನಿಮ್ಮದು, ಫೋನು ನಿಮ್ಮದು, ಪೆಟ್ರೋಲು ನಿಮ್ಮಪ್ಪನದು. ಸ್ವಾತಂತ್ರ್ಯ ದಿನ, ರಾಜ್ಯೋತ್ಸವ, ಸ್ಥಳೀಯ ನಾಯಕರ ಹುಟ್ಟುಹಬ್ಬ ಬಂದಾಗ ನಿಮಗೆ ಬರುವ ಕರೆ ಸುದ್ದಿಗಾಗಿ ಅಲ್ಲ, ಜಾಹೀರಾತಿಗಾಗಿ. ಅಂದು ಯಾರ ಬಳಿ ಜಾಹೀರಾತು ಕೇಳಿದಿರೋ, ನಾಳೆ ಅವರದೇ ಕಾಮಗಾರಿ ಕಳಪೆ ಎಂದು ಬರೆಯಬೇಕಾಗುತ್ತದೆ. ಸಂವಹನದ ಯಾವ ಸಿದ್ಧಾಂತವೂ ಇದಕ್ಕೆ ಪರಿಹಾರ ಹೇಳುವುದಿಲ್ಲ. ಆದರೂ ಜಿಲ್ಲೆಯಲ್ಲಿ ಬರೆಯುವವರು ಬರೆಯುತ್ತಲೇ ಇದ್ದಾರೆ, ಅದು ಹೇಗೆ ಎಂದು ಅವರ ಹೆಂಡಂದಿರನ್ನೇ ಕೇಳಬೇಕು.

ಸ್ವಂತ ಯೂಟ್ಯೂಬ್ ವಾಹಿನಿ ತೆರೆಯಬಹುದು. ಶಾಸಕರ ಸಾಮಾಜಿಕ ಜಾಲತಾಣ ನೋಡಿಕೊಳ್ಳಬಹುದು. ಕೆಲಸ ಇಡೀ ದಿನ ಒಂದೇ, ಅವರು ಟೇಪು ಕತ್ತರಿಸುವುದರ ಫೋಟೊ. ಅತಿಥಿ ಉಪನ್ಯಾಸಕರಾಗಬಹುದು. ಅಥವಾ ಹೆಚ್ಚಿನವರಂತೆ ಧಾರವಾಡಕ್ಕೆ ಹೋಗಿ ಎಫ್‌ಡಿಎ, ಪಿಎಸ್ಐ ಪರೀಕ್ಷೆಗೆ ಕೂಡಬಹುದು, ಆಗ ಪತ್ರಿಕೋದ್ಯಮದಿಂದ ಸಾಮಾನ್ಯ ಜ್ಞಾನಕ್ಕೆ ಒಂದಿಷ್ಟು ಅನುಕೂಲ.

ಭೂಪಟವನ್ನು ಒಮ್ಮೆ ಸರಿಯಾಗಿ ಬಿಡಿಸಿ. ಬೆಂಗಳೂರು ನೌಬಾದದಿಂದ ಸುಮಾರು 700 ಕಿ.ಮೀ.; ಹೈದರಾಬಾದ್ ಸುಮಾರು 140. ಕನ್ನಡದ ಖಾಸಗಿ ವಾಹಿನಿಗಳಲ್ಲಿ ಹೆಸರು ಮಾಡಿದ ಈಟಿವಿ ಕನ್ನಡ 2000ದಲ್ಲಿ ಶುರುವಾದದ್ದು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯಿಂದ. ಹಲವು ಭಾಷೆಗಳ ಈಟಿವಿ ಭಾರತ್ 2019ರಲ್ಲಿ ಅಲ್ಲಿಂದಲೇ ಹೊರಟಿತು, ಅದರಲ್ಲಿ ಕನ್ನಡವೂ ಇದೆ. ಕನ್ನಡ ಸುದ್ದಿಯ ಕೆಲಸ ಬೀದರಿನವರಿಗೆ ಹತ್ತಿರದಲ್ಲಿ ಸಿಗುವುದು ತೆಲಂಗಾಣದಲ್ಲಿ. ಅಲ್ಲಿ ಪಕ್ಕದ ಮೇಜಿನವರು ತೆಲುಗು, ಉರ್ದು, ಮರಾಠಿಯಲ್ಲಿ ಬರೆಯುತ್ತಿರುತ್ತಾರೆ. ಬೆಂಗಳೂರಿನ ಪದವೀಧರನಿಗೆ ಅವರ ಸುದ್ದಿ ತಿಳಿಯಲು ಅನುವಾದ ಬೇಕು. ಬಾಳೆಹಣ್ಣಿನ ಗಾಡಿಯ ಪಕ್ಕ ಬೆಳೆದ ನಿಮಗೆ ಕಿವಿ ಸಾಕು.

ಬ್ಯಾಂಕು, ಆಸ್ಪತ್ರೆ, ಸ್ವಯಂಸೇವಾ ಸಂಸ್ಥೆ, ವಿಮೆ, ಜಾಹೀರಾತಿಗೆ ದನಿ ಕೊಡುವವರು, ಎಲ್ಲಕ್ಕೂ ಇದೇ ಲೆಕ್ಕ. ಸಂದರ್ಶನದಲ್ಲಿ ‘ಬಲ್ಲ ಭಾಷೆಗಳು’ ಎಂಬ ಅಂಕಣದಲ್ಲಿ ಕನ್ನಡ, ಇಂಗ್ಲಿಷ್ ಎಂದಷ್ಟೇ ಬರೆದು ದಖನಿ, ಮರಾಠಿಯನ್ನು ನಾಚಿಕೆಯಿಂದ ಬಿಟ್ಟುಬಿಡುವ ನಮ್ಮ ಹುಡುಗರು ಇದ್ದಾರೆ. ಸಂಬಳದ ಪತ್ರದಿಂದ ತಾವೇ ಒಂದು ಸೊನ್ನೆ ಅಳಿಸಿಕೊಂಡವರು ಇವರು.

ಅಂತಿಮ ಪರೀಕ್ಷಾ ಚಾಲನೆ

ಉಪಕರಣ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಮಾಹಿತಿ ಹಕ್ಕಿನ ಒಂದು ಅರ್ಜಿ ಬರೆಯಿರಿ. 2005ರ ಕಾಯ್ದೆ, ಶುಲ್ಕ 10 ರೂಪಾಯಿ, ಉತ್ತರಕ್ಕೆ ಸಾಮಾನ್ಯವಾಗಿ 30 ದಿನ. ಕರ್ನಾಟಕದ ನಿಯಮಗಳಲ್ಲಿ ಒಂದು ವಿಶೇಷವಿದೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಐದು ವರ್ಷ ಬರೆದ ಯಾವ ಪ್ರಬಂಧಕ್ಕಿಂತಲೂ ಇದು ಬಿಗಿಯಾದ ಪರೀಕ್ಷೆ. ‘ಈ ಮೂಲಕ ತಮ್ಮಲ್ಲಿ ಸವಿನಯವಾಗಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಶುರು ಮಾಡಿದರೆ ಐದು ಪದ ಅಲ್ಲಿಯೇ ಹೋದವು.

ವಿಷಯ ನಿಮ್ಮಿಷ್ಟ. ಸುರಂಗ ಬಾವಿಯ ಹೂಳು ತೆಗೆಯಲು ಯಾವ ವರ್ಷ ಎಷ್ಟು ಖರ್ಚಾಯಿತು ಎಂದು ಕೇಳಬಹುದು. ಹಾಸ್ಟೆಲಿನ ಊಟಕ್ಕೆ ಒಬ್ಬ ವಿದ್ಯಾರ್ಥಿಗೆ ತಿಂಗಳಿಗೆ ಎಷ್ಟು ಮಂಜೂರಾಗಿದೆ ಎಂದು ಕೇಳಬಹುದು. ವಾರ್ಡನ್ ಮರುದಿನದಿಂದ ನಿಮ್ಮನ್ನು ‘ಸರ್’ ಎನ್ನಲು ಶುರು ಮಾಡುತ್ತಾನೆ. ‘ಏಕೆ’ ಎಂದು ಕೇಳಬೇಡಿ. ಕಡತದಲ್ಲಿ ಕಾರಣಗಳು ಇರುವುದಿಲ್ಲ, ಅಂಕಿ, ತಾರೀಖು, ಆದೇಶದ ಪ್ರತಿ ಇರುತ್ತವೆ. ಬರೆದದ್ದನ್ನು ಅವ್ವನಿಗೆ ಓದಿ ಹೇಳಿ. ಎಲ್ಲಿ “ಅಂದ್ರ?” ಎನ್ನುತ್ತಾಳೋ ಆ ವಾಕ್ಯ ತಿದ್ದಿ. ಒಂದು ಪ್ರತಿ ಕೊಟ್ಟು, ಇನ್ನೊಂದಕ್ಕೆ ಕಚೇರಿಯ ಸ್ವೀಕೃತಿ ಮೊಹರು ಹಾಕಿಸಿಕೊಂಡು ಬನ್ನಿ, ಮತ್ತು ಆ ಮೊಹರಿನ ಪಕ್ಕದ ತಾರೀಖು ಅವತ್ತಿನದೇ ಹೌದೋ ಅಲ್ಲವೋ ಅಲ್ಲಿಯೇ ನಿಂತು ನೋಡಿ. ಶುಲ್ಕದ ಪೋಸ್ಟಲ್ ಆರ್ಡರು ಅಂಚೆ ಕಚೇರಿಯಲ್ಲಿ ಸಿಗುತ್ತದೆ. ಊಟದ ಹೊತ್ತಿಗೆ ಹೋಗಬೇಡಿ.